ಬಾರದ ವಾಂತಿ

ಹೊಟ್ಟೆ ತೊಳಸುತ್ತದೆ, ಬಾಯಲ್ಲಿ ನೀರೂರುತ್ತದೆ, ಹಣೆ ಬೆವರುತ್ತದೆ. ಬಚ್ಚಲಿಗೆ ಓಡಿ ಗೋಡೆ ಹಿಡಿದು ಬಗ್ಗಿದರೆ ಕರುಳು ಕಿತ್ತು ಬಂದಂತೆ ನಾಲ್ಕಾರು ಸಲ ಎಳೆತ. ಹೊರಗೆ ಬೀಳುವುದು ಮಾತ್ರ ಒಂದಿಷ್ಟು ಎಂಜಲು. ವಾಂತಿಯಾದವನು ಹಗುರಾಗಿ ಬಂದು ಮಲಗುತ್ತಾನೆ. ಇವನಿಗೆ ಆ ಸುಖವೂ ಇಲ್ಲ. ಕನ್ನಡದಲ್ಲಿ ಇದಕ್ಕೆ ಓಕರಿಕೆ ಎಂಬ ಮಾತುಂಟು. ಮನಸ್ಸಿಗೆ ಒಗ್ಗದ್ದನ್ನು ಕಂಡಾಗಲೂ ನಾವು ಅದೇ ಮಾತನ್ನು ಬಳಸುತ್ತೇವೆ. ವೈದ್ಯನಾದ ನಾನು ಈ ಹೊತ್ತು ಹೇಳಲಿರುವುದು ದೇಹದ ಓಕರಿಕೆಯನ್ನು ಕುರಿತು.

ಓಕರಿಕೆಯೆಂದರೆ ಅರ್ಧಕ್ಕೆ ನಿಂತ ವಾಂತಿ ಎಂದು ಬಹಳ ಮಂದಿ ತಿಳಿದಿದ್ದಾರೆ. "ಒಳಗಿರುವುದು ಬಂದುಬಿಟ್ಟರೆ ಸರಿಹೋಗುತ್ತದೆ" ಎಂದು ಗಂಟಲಿಗೆ ಬೆರಳು ಹಾಕಿಸುವುದೂ ಚೊಂಬು ತುಂಬ ಉಪ್ಪುನೀರು ಕುಡಿಸುವುದೂ ಈ ತಿಳಿವಳಿಕೆಯಿಂದಲೇ. ಆದರೆ ಇವೆರಡೂ ಒಂದೇ ಕ್ರಿಯೆಯಲ್ಲ. ಸೂತ್ರವಿರುವುದು ಹೊಟ್ಟೆಯಲ್ಲಲ್ಲ, ಮಿದುಳಿನ ಬುಡದಲ್ಲಿ. ಜಠರದ ನರಗಳು, ಒಳಕಿವಿ, ರಕ್ತದಲ್ಲಿ ಬೆರೆತ ವಿಷ, ಮನಸ್ಸಿನ ಭಯ ಎಲ್ಲವೂ ಅಲ್ಲಿಗೆ ದೂರು ಒಯ್ಯುತ್ತವೆ. ಅಲ್ಲಿಂದ ಅಪ್ಪಣೆಯಾದೊಡನೆ ಸಣ್ಣಕರುಳಿನಿಂದ ಜಠರದ ಕಡೆಗೆ ಹಿಮ್ಮುಖವಾದ ಒಂದು ದೊಡ್ಡ ಅಲೆ ಹೊರಡುತ್ತದೆ. ಶ್ವಾಸದ್ವಾರ ಮುಚ್ಚಿಕೊಳ್ಳುತ್ತದೆ, ಎದೆಗೂ ಹೊಟ್ಟೆಗೂ ನಡುವಣ ಪರದೆಯಾದ ವಪೆಯೂ ಹೊಟ್ಟೆಯ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಜಠರದಲ್ಲಿದ್ದುದು ಅನ್ನನಾಳಕ್ಕೆ ಏರಿ ಮತ್ತೆ ಕೆಳಗಿಳಿಯುತ್ತದೆ, ಬಾವಿಯ ಕೊಡ ಅರ್ಧಕ್ಕೆ ಬಂದು ಹಿಂದಕ್ಕೆ ಜಾರಿದ ಹಾಗೆ. ಇದು ಓಕರಿಕೆ. ಅನ್ನನಾಳ ಹಾದುಬರುವ ಕಡೆ ವಪೆ ಸಡಿಲಗೊಂಡು, ಎದೆಯೊಳಗಿನ ಒತ್ತಡವೂ ಏರಿದಾಗಲಷ್ಟೇ ವಾಂತಿ. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಪಾಷಾಣ ಮಾರುವವರಿಗೆ ಅದೊಂದು ಅನುಕೂಲ!

ಹೊರಹಾಕಲು ಒಳಗೆ ಏನೂ ಇಲ್ಲದಿದ್ದರೂ ಅಪ್ಪಣೆ ಬರಬಹುದು. ಬಸಿರಿಯ ಬೆಳಗಿನ ಸಂಕಟ, ಘಾಟಿಯ ಬಸ್ಸು, ಹಿಂದಿನ ರಾತ್ರಿಯ ಮದ್ಯ, ಪರೀಕ್ಷೆಯ ಅಂಜಿಕೆ ಇವು ಎಲ್ಲರಿಗೂ ಗೊತ್ತಿರುವವೇ. ಬರಿಹೊಟ್ಟೆಗೆ ನುಂಗಿದ ಕಬ್ಬಿಣದ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ನೋವಿನ ಮಾತ್ರೆ ಇವುಗಳ ಕಡೆಗೆ ಗಮನ ಹೋಗುವುದು ಕಡಿಮೆ. ಇನ್ನು ನಮ್ಮ ಊರುಗಳಲ್ಲಿ ನಸುಕಿನಲ್ಲೇ ಬಚ್ಚಲುಗಳಿಂದ ಕೇಳಿಬರುವ ಆ ಘೋರ ದನಿ! ನಾಲಿಗೆಯನ್ನು ಬುಡದವರೆಗೆ ಹೆರೆದು, ಹಳದಿ ನೀರು ಬಂದಮೇಲೆ "ಪಿತ್ತ ಹೋಯಿತು" ಎಂದು ತೃಪ್ತರಾಗುವವರು ಎಷ್ಟು ಮಂದಿಯೋ. ಆ ಪಿತ್ತ ಅಲ್ಲಿ ಮೊದಲೇ ಕುಳಿತು ಕಾಟ ಕೊಡುತ್ತಿದ್ದುದಲ್ಲ. ಈಗ ಹೇಳಿದ ಹಿಮ್ಮುಖದ ಅಲೆ ಅದನ್ನು ಕರುಳಿನಿಂದ ಎಳೆದು ತಂದದ್ದು. ಕೆರೆದು ತಂದ ಓಕರಿಕೆ ಶುಚಿತ್ವವಲ್ಲ.

ಅದು ನಿರಪಾಯವೂ ಅಲ್ಲ. ಬಲವಾದ ಎಳೆತಕ್ಕೆ ಅನ್ನನಾಳ ಜಠರಗಳು ಕೂಡುವ ಕಡೆ ಒಳಪೊರೆ ಸೀಳಿ ರಕ್ತ ಬರುವುದುಂಟು. 1929ರಲ್ಲಿ ಬಾಸ್ಟನ್ನಿನ ಮ್ಯಾಲರಿ ಮತ್ತು ವೈಸ್ ಎಂಬ ವೈದ್ಯರು ಕುಡುಕ ರೋಗಿಗಳಲ್ಲಿ ಇದನ್ನು ಕಂಡು ವರ್ಣಿಸಿದರು. ಆ ಸೀಳಿಗೆ ಈಗಲೂ ಅವರದೇ ಹೆಸರು.

ಇದಕ್ಕಿಂತ ಭಯಂಕರವಾದದ್ದೊಂದಿದೆ. 1904ರಲ್ಲಿ ಬೋರ್ಖಾರ್ಟ್ ಎಂಬ ಜರ್ಮನ್ ಶಸ್ತ್ರವೈದ್ಯ ಮೂರು ಲಕ್ಷಣಗಳನ್ನು ಜೊತೆಮಾಡಿ ಹೇಳಿದ: ಮೇಲುಹೊಟ್ಟೆಯ ತೀವ್ರ ನೋವು, ವಾಂತಿಯಿಲ್ಲದ ಓಕರಿಕೆ, ಮೂಗಿನಿಂದ ಇಳಿಸಿದ ನಳಿಕೆ ಜಠರಕ್ಕೆ ಹೋಗದಿರುವುದು. ಜಠರ ತನ್ನ ಸುತ್ತ ತಾನೇ ತಿರುಚಿಕೊಂಡಿದೆ ಎಂದು ಅದರ ಅರ್ಥ. ಎಪ್ಪತ್ತು ದಾಟಿದ ಒಬ್ಬ ತಾಯಿಯನ್ನು ಹೀಗೆ ನನ್ನ ಬಳಿ ಕರೆತಂದಿದ್ದರು. ಬೆಳಗಿನಿಂದ ಓಕರಿಕೆ, ಹೊಟ್ಟೆಯ ಮೇಲುಭಾಗ ಮೃದಂಗದಂತೆ ಬಿಗಿದಿತ್ತು. "ಒಂದು ಸಲ ವಾಂತಿ ಆಗಿಬಿಟ್ಟಿದ್ದರೆ ಸಾಕಿತ್ತು ಡಾಕ್ಟ್ರೇ" ಎಂದು ಮಗ ಪದೇ ಪದೇ ಹೇಳುತ್ತಿದ್ದ. ಆಗುವ ದಾರಿಯೇ ಮುಚ್ಚಿಹೋಗಿತ್ತು. ವಪೆಯ ಸಂದಿನಿಂದ ಎದೆಗೂಡಿಗೆ ಏರಿ ತಿರುಚಿಕೊಂಡಿದ್ದ ಜಠರವನ್ನು ಅಂದು ಸಂಜೆಯೇ ಶಸ್ತ್ರಕ್ರಿಯೆಯಿಂದ ಬಿಡಿಸಿದರು. ಆಕೆ ಬದುಕಿದರು. ಇಂಥದು ಅಪರೂಪ, ನಿಜ. ಆದರೆ ಓಕರಿಕೆಯ ಜೊತೆಗೆ ಎದೆ ಬಿಗಿತ, ತಣ್ಣನೆಯ ಬೆವರು ಇದ್ದರೆ ಹೃದಯಾಘಾತವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಏದುಸಿರೂ ಕೂಡಿದ್ದರೆ ರಕ್ತ ಆಮ್ಲವಾಗುತ್ತಿರಬಹುದು. ಇವುಗಳಿಗೂ ರಕ್ತ ಕಂಡರೂ ಆಸ್ಪತ್ರೆಯೇ ಗತಿ.

ಉಳಿದ ಸಾಮಾನ್ಯ ಓಕರಿಕೆಗೆ ಉಪಚಾರ ಸರಳ. ನೆಟ್ಟಗೆ ಕುಳಿತು ನಿಧಾನವಾಗಿ ಉಸಿರಾಡುವುದು. ಸ್ವಲ್ಪ ತಡೆದು ನೀರನ್ನೋ ಓಆರ್‌ಎಸ್ ದ್ರಾವಣವನ್ನೋ ಚಮಚದಷ್ಟು ಚಮಚದಷ್ಟಾಗಿ ಗುಟುಕರಿಸುವುದು. ಸೂಜಿ ಚುಚ್ಚುವ ಮುನ್ನ ಒರೆಸುವ ಸ್ಪಿರಿಟ್ಟಿನ ವಾಸನೆಯನ್ನು ಮೂಸಿದರೆ ವಾಕರಿಕೆ ತಗ್ಗುವುದನ್ನು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಬಸಿರಿಯರಿಗೆ ಶುಂಠಿ ಕೊಂಚಮಟ್ಟಿಗೆ ಸಹಾಯಕ. ಬಿ6 ಜೀವಸತ್ವವೂ ಹಾಗೆಯೇ, ವೈದ್ಯರನ್ನು ಕೇಳಿ. ಉಪ್ಪುನೀರು ಮಾತ್ರ ಬೇಡವೇ ಬೇಡ: ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಸಂಚಕಾರ ಬಂದದ್ದುಂಟು. ಅಂಗಡಿಯಲ್ಲಿ ಕೇಳಿ ತರುವ ವಾಂತಿ ಮಾತ್ರೆಗಳೂ ಸಾಧುವಲ್ಲ. ಮೆಟೊಕ್ಲೊಪ್ರಮೈಡ್ ಎಳೆಯರಲ್ಲಿ ಕತ್ತು ದವಡೆಗಳನ್ನು ಸೊಟ್ಟಗೆ ತಿರುಗಿಸೀತು. ಡಾಂಪೆರಿಡೋನ್ ಕೆಲವರಲ್ಲಿ ಹೃದಯದ ಲಯ ಕೆಡಿಸೀತು.

ವೈದ್ಯರ ಬಳಿ ಹೋದಾಗ ಬರಿದೆ "ವಾಂತಿ" ಎನ್ನಬೇಡಿ. ಏನಾದರೂ ಹೊರಬಿತ್ತೇ, ಬಿದ್ದದ್ದು ಯಾವ ಬಣ್ಣದ್ದು, ಗಾಳಿ ಸರಿಯುತ್ತಿದೆಯೇ, ಯಾವ ಮಾತ್ರೆ ನುಂಗಿದ್ದಿರಿ, ಇಷ್ಟನ್ನು ಹೇಳಿ. ಮಾತ್ರೆಯ ಚೀಟಿ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು.