ನಿಂತ ಕಾರಿನ ಸೋರಿಕೆ

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಳಗಲ್ಲಿಗೆ ತಿರುಗಿದರೆ ಟಯರು, ಗ್ರೀಸು, ಸೋಲ್ಡರಿನ ಹೊಗೆ ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಒಂದಂಗಡಿಯಲ್ಲಿ ಹುಡುಗನೊಬ್ಬ ಗಿರಾಕಿಗೆ ಒಂದೊಂದೇ ಹಾರ್ನು ಬಾರಿಸಿ ತೋರಿಸುತ್ತಿದ್ದಾನೆ. ಅದರ ಪಕ್ಕದಲ್ಲೇ ಆಟೋ ಎಲೆಕ್ಟ್ರಿಷಿಯನ್ ಅಂಗಡಿ. ಬಾನೆಟ್ ತೆರೆದು ನಿಂತಿರುವ ಆ ಬಿಳಿ ಕಾರಿನ ಹತ್ತಿರ ಬನ್ನಿ, ಸುಮ್ಮನೆ ನಿಂತು ನೋಡೋಣ.

"ಶುಕ್ರವಾರ ಸಂಜೆ ನಿಲ್ಲಿಸಿದ್ದಣ್ಣ. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದ್ರೆ ಬರೀ ಟಕ್ ಟಕ್. ಬ್ಯಾಟ್ರಿ ಹೊಸದು ಬೇರೆ."

"ಬ್ಯಾಟ್ರಿ ವಿಷಯ ಆಮೇಲೆ ಮೇಡಂ," ಎನ್ನುತ್ತಾ ಎಲೆಕ್ಟ್ರಿಷಿಯನ್ ಟರ್ಮಿನಲ್ಲಿಗೆ ಮೆತ್ತಿದ ಹಸಿರುಬಿಳಿ ಪುಡಿಗೆ ಬಿಸಿನೀರು ಹೊಯ್ದು, ಬಟ್ಟೆಯಲ್ಲಿ ಒರೆಸಿ ಮೀಟರ್ ಇಡುತ್ತಾನೆ. 11.9 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6ರ ಆಸುಪಾಸು ತೋರಿಸಬೇಕು. ಅಂಗಡಿಯ ಬ್ಯಾಟರಿ ಕೂರಿಸಿ ಎಂಜಿನ್ ಓಡಿಸಿದರೆ 14.2, ಅಲ್ಲಿಗೆ ಆಲ್ಟರ್ನೇಟರ್ ಸರಿಯಿದೆ. ಹಾಗಾದರೆ ನಿಂತಲ್ಲೇ ಯಾವುದೋ ಕರೆಂಟು ಹೀರುತ್ತಿದೆ.

ಎಂಜಿನ್ ಆರಿಸಿ, ನೆಗೆಟಿವ್ ವೈರು ಬಿಚ್ಚಿ, ನಡುವೆ ಮೀಟರ್ ಸೇರಿಸುತ್ತಾನೆ. ಬಾಗಿಲು ತೆರೆದೇ ಇದೆ, ಆದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸುತ್ತಾನೆ, ಕಾರಿಗೆ ಬಾಗಿಲು ಮುಚ್ಚಿದೆ ಅನ್ನಿಸಬೇಕಲ್ಲ! "ಯಾರೂ ಕೀ ತಿರುಗಿಸ್ಬೇಡಿ." ತಿರುಗಿಸಿದರೆ ಸ್ಟಾರ್ಟರ್ ನೂರಾರು ಆಂಪ್ ಎಳೆದು ಮೀಟರಿನ ಫ್ಯೂಸ್ ಹಾರುತ್ತದೆ.

ಆಮೇಲೆ ಏನೂ ಮಾಡುವುದಿಲ್ಲ. ಚಹಾ ಬರುತ್ತದೆ. ಈಗಿನ ಕಾರುಗಳೊಳಗಿನ ಪುಟ್ಟ ಕಂಪ್ಯೂಟರುಗಳು ಕೀ ತೆಗೆದ ಕೂಡಲೇ ಮಲಗುವುದಿಲ್ಲ, ಕೆಲವಕ್ಕೆ ಅರ್ಧ ಗಂಟೆಯೂ ಬೇಕು. ಅಷ್ಟು ಕಾಯದೆ ಅಳೆದರೆ ಎಲ್ಲ ಕಾರೂ ಸೋರುವಂತೆಯೇ ಕಾಣುತ್ತದೆ. ಹೊಸ ಬ್ಯಾಟರಿ ಕೂರಿಸಿ ಕಳಿಸುವುದು ಐದು ನಿಮಿಷದ ಕೆಲಸ; ಅದನ್ನು ಬಿಟ್ಟು ಹೀಗೆ ಕಾದು ಕೂರುವವನ ಮೇಲೆ ನನಗೆ ನಿಜಕ್ಕೂ ಗೌರವ.

ಅಂಕಿ ಇಳಿದಿಳಿದು 0.32ಕ್ಕೆ ನಿಂತುಬಿಡುತ್ತದೆ. 0.05 ಆಂಪಿನೊಳಗೆ ಇರಬೇಕಿತ್ತು. ನೋಡಲು ಅಲ್ಪವೇ, ಆದರೆ ದಿನಕ್ಕೆ ಏಳೂವರೆ ಆಂಪ್-ಅವರ್ ದಾಟುತ್ತದೆ. 35ರ ಬ್ಯಾಟರಿಯಲ್ಲಿ ಶುಕ್ರವಾರದಿಂದ ಸೋಮವಾರಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ.

ಡ್ಯಾಶ್‌ಬೋರ್ಡಿನ ಕೆಳಗೆ ಅವನ ಸಹಾಯಕ ಹುಡುಗ ತಲೆಕೆಳಗಾಗಿ ಮಲಗಿ ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗುತ್ತಾನೆ. ಕೆಂಪು ಹತ್ತರದು, ಹಳದಿ ಇಪ್ಪತ್ತರದು. "ಬಿತ್ತಾ?" "ಇಲ್ಲ, ವಾಪಸ್ ಹಾಕು." ನೀಲಿ, ಹದಿನೈದರದು, ಕಿತ್ತೊಡನೆ ಮೀಟರು 0.02.

"ಸ್ಟೀರಿಯೊ ಲೈನು!"

ಹೊರಗೆ ಹಾಕಿಸಿದ ಸ್ಟೀರಿಯೊ ಅದು. ಎಳೆದು ತೆಗೆದರೆ ಹಿಂದೆ ಕಪ್ಪು ಟೇಪಿನ ಉಂಡೆ, ಬೆವೆತಂತೆ ಅಂಟಂಟು. ಬಿಚ್ಚುತ್ತಾ ಹೋದರೆ ಹಳದಿ, ಕೆಂಪು ಎರಡೂ ವೈರು ಒಂದಕ್ಕೊಂದು ಹೊಸೆದುಕೊಂಡಿವೆ. ಹಳದಿಗೆ ಸದಾ ಕರೆಂಟಿರಬೇಕು, ಗಡಿಯಾರ, ಸೆಟ್ಟಿಂಗು ನೆನಪಿರಲು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಯಾರೋ ಅವಸರದಲ್ಲಿ ಎರಡನ್ನೂ ಸದಾ ಕರೆಂಟಿರುವ ಲೈನಿಗೇ ಸೇರಿಸಿದ್ದಾರೆ. ಪರದೆ ಕಪ್ಪಾದರೂ ಒಳಗೆ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತಿತ್ತು.

ಕೆಂಪನ್ನು ಬಿಡಿಸಿ ಕೀ ಲೈನಿಗೆ ಸೋಲ್ಡರ್ ಮಾಡಿ, ಸ್ಲೀವ್ ಹಾಕಿ ಬಿಸಿ ಮಾಡುತ್ತಾನೆ. ಫ್ಯೂಸ್ ಹಾಕಿ, ಮತ್ತೆ ಕಾದು ನೋಡಿದರೆ 0.03.

"ಹಾಗಾದ್ರೆ ಬ್ಯಾಟ್ರಿ ಚೆನ್ನಾಗಿದೆ ಅಲ್ವಾಣ್ಣ?"

"ಹೀಗೆ ಪದೇ ಪದೇ ಬರಿದಾದ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗತ್ತೆ ಮೇಡಂ. ರಾತ್ರಿ ನಿಧಾನಕ್ಕೆ ಚಾರ್ಜಿಗೆ ಹಾಕ್ತೀನಿ, ನಾಳೆ ಲೋಡ್ ಕೊಟ್ಟು ನೋಡಿ ಹೇಳ್ತೀನಿ. ಇವತ್ತು ನಮ್ಮದನ್ನೇ ಹಾಕ್ಕೊಂಡು ಹೋಗಿ."