ಹಗಲು ಕಚೇರಿ, ಸಂಜೆ ರಂಗಮಂದಿರ: ಶಿವಮೊಗ್ಗ–ಭದ್ರಾವತಿ ಕಲಾವಿದರ ದಿನಚರಿ

ಶಿವಮೊಗ್ಗ: ಬೆಳಿಗ್ಗೆ ಹತ್ತರಿಂದ ಐದೂವರೆಯವರೆಗೆ ತರಗತಿ, ನ್ಯಾಯಾಲಯ ಅಥವಾ ಬ್ಯಾಂಕಿನ ಕೌಂಟರು. ಆರರ ನಂತರ ನಾಟಕದ ತಾಲೀಮು, ಪುಸ್ತಕ ಬಿಡುಗಡೆ ಇಲ್ಲವೇ ಸಂಗೀತ ಕಛೇರಿ. ತುಂಗೆಯ ದಡದ ಶಿವಮೊಗ್ಗ ಹಾಗೂ ಭದ್ರೆಯ ದಡದ ಭದ್ರಾವತಿಯಲ್ಲಿ ಕಲೆ, ಸಾಹಿತ್ಯಗಳಲ್ಲಿ ತೊಡಗಿಕೊಂಡ ಬಹುಪಾಲು ಮಂದಿಯ ದಿನಚರಿ ಇಷ್ಟೇ. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ಕಲೆಯನ್ನೇ ನಂಬಿ ಬದುಕುವವರು ವಿರಳ. ಕಲೆಯನ್ನು ಬಿಟ್ಟು ಬದುಕಲಾರದವರು ಮಾತ್ರ ಸಾಕಷ್ಟಿದ್ದಾರೆ. ಇವರ ಹಗಲಿಗೂ ಸಂಜೆಗೂ ಇರುವ ನಂಟು ಎಂತಹುದು, ಅದು ಎಲ್ಲಿ ಸಡಿಲಗೊಳ್ಳುತ್ತಿದೆ ಎಂಬುದನ್ನು ಅರಿಯಲು ಈ ಭಾಗದ ಹಿಂದಿನ ಪುಟಗಳನ್ನು ತಿರುವಿ ಹಾಕುವುದು ಅಗತ್ಯ.

ವೃತ್ತಿಯೇ ಆಸರೆ, ವೃತ್ತಿಯೇ ವಸ್ತು

ಜಿಲ್ಲೆಯ ಹೆಸರನ್ನೇ ತಮ್ಮ ಹೆಸರಿನ ಭಾಗವಾಗಿಸಿಕೊಂಡ ಸುಗಮ ಸಂಗೀತ ಗಾಯಕ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದಲ್ಲಿ ಹಾಡಿದ ಗೀತೆಗೆ ಅವರು ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಈ ಗೌರವಕ್ಕೆ ಪಾತ್ರರಾದ ಮೊದಲ ಕನ್ನಡ ಗಾಯಕರೂ ಅವರೇ. 2022ರ ಆಗಸ್ಟ್‌ನಲ್ಲಿ ನಿಧನರಾಗುವವರೆಗೂ ಅವರು ಗಾಯಕರಾಗಿ ನಾಡಿಗೆಲ್ಲ ಪರಿಚಿತರಾಗಿದ್ದರು.

1940ರಲ್ಲಿ ಆರಂಭವಾದ ಸಹ್ಯಾದ್ರಿ ಕಾಲೇಜಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಪಿ. ಲಂಕೇಶ್ ಇಲ್ಲಿ ಇಂಗ್ಲಿಷ್ ಪಾಠ ಹೇಳಿದರೆ, ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಬೋಧಿಸಿದರು. ಅದೇ ನಿಸಾರ್ ಅಹಮದ್ 2006ರ ಡಿಸೆಂಬರ್‌ನಲ್ಲಿ ಶಿವಮೊಗ್ಗದಲ್ಲಿ ನಡೆದ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮತ್ತೆ ಇದೇ ಊರಿಗೆ ಬಂದದ್ದು ಗಮನಾರ್ಹ.

ಹಗಲಿನ ನೌಕರಿ ಸಂಬಳವನ್ನಷ್ಟೇ ಅಲ್ಲ, ಕೃತಿಗೆ ವಸ್ತುವನ್ನೂ ಕೊಡಬಲ್ಲದು ಎಂಬುದಕ್ಕೆ ಸಾಗರದ ನಾ. ಡಿಸೋಜ ಉದಾಹರಣೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿ ಯೋಜನೆಯಿಂದ ನೆಲೆ ಕಳೆದುಕೊಂಡವರನ್ನು ಹತ್ತಿರದಿಂದ ಕಂಡರು. ಮುಳುಗಡೆಯ ಬದುಕು ಅವರ ಕಾದಂಬರಿಗಳ ಕೇಂದ್ರವಾಯಿತು. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದಾಗ ಅದಕ್ಕೆ ಸ್ವರ್ಣಕಮಲ ಲಭಿಸಿತು. 2025ರ ಜನವರಿಯಲ್ಲಿ ಡಿಸೋಜ ನಿಧನರಾದರು. ಅದೇ ರೀತಿ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ರೋಗಿಗಳ ಸಾಲಿನ ನಡುವೆಯೇ ಬರವಣಿಗೆಗೆ ಸಮಯ ಮಾಡಿಕೊಂಡವರು. ‘ಕಾಡಿನ ಬೆಂಕಿ’ಯಂಥ ಚಿತ್ರಗಳ ಹಿಂದೆ ನಿಂತವರು. 2016ರಲ್ಲಿ ಅವರು ನಿಧನರಾದರು.

ಸಂಜೆಯ ವಿಳಾಸಗಳು

ಕೆಲಸ ಮುಗಿಸಿ ಹೊರಟವರು ಹೋಗುವುದಾದರೂ ಎಲ್ಲಿಗೆ? ಶಿವಮೊಗ್ಗದಲ್ಲಿ ಮೊದಲು ನೆನಪಾಗುವುದು ಕರ್ನಾಟಕ ಸಂಘ. 1930ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಏಕೀಕರಣಕ್ಕೂ ಹಿಂದಿನದು. ಉಪನ್ಯಾಸ, ಪುಸ್ತಕ ಬಹುಮಾನಗಳ ಮೂಲಕ ಹೊಸ ಲೇಖಕರನ್ನು ಗುರುತಿಸುತ್ತ ಬಂದಿರುವುದು ಅದರ ಹೆಗ್ಗಳಿಕೆ. ನಾಟಕ, ನೃತ್ಯಗಳಿಗೆ ಕುವೆಂಪು ರಂಗಮಂದಿರವಿದೆ. ಸುವರ್ಣ ಸಾಂಸ್ಕೃತಿಕ ಭವನದಲ್ಲಿ ಶಿವಮೊಗ್ಗ ರಂಗಾಯಣ ನೆಲೆಯೂರಿದೆ. ಮೈಸೂರಿನಲ್ಲಿ 1989ರಲ್ಲಿ ಆರಂಭವಾದ ಈ ಸರ್ಕಾರಿ ರೆಪರ್ಟರಿ ವ್ಯವಸ್ಥೆ ಮಲೆನಾಡಿಗೂ ಬಂದದ್ದರಿಂದ, ಹವ್ಯಾಸಿಗಳ ಊರಿನಲ್ಲಿ ಪೂರ್ಣಾವಧಿ ನಟರೂ ಕಾಣಿಸಿಕೊಳ್ಳುವಂತಾಯಿತು.

ಇಲ್ಲಿನ ಕಾರ್ಯಕ್ರಮಗಳು ಸಾಮಾನ್ಯವಾಗಿ ಸಂಜೆ ಆರು ಅಥವಾ ಆರೂವರೆಗೆ ಆರಂಭವಾಗಿ ಎರಡು ಗಂಟೆಯೊಳಗೆ ಮುಗಿಯುತ್ತವೆ. ಅದಕ್ಕೆ ಮೊದಲು ಆರಂಭಿಸಿದರೆ ಕಚೇರಿಯವರು ಬರಲಾರರು. ತಡವಾದರೆ ಭದ್ರಾವತಿಗೋ ಸುತ್ತಲ ಹಳ್ಳಿಗೋ ಹಿಂದಿರುಗುವವರಿಗೆ ಬಸ್ಸಿನ ಚಿಂತೆ. ಭಾಷಣಗಳು ಬೆಳೆದರೆ ಸಭಿಕರು ಗಡಿಯಾರ ನೋಡತೊಡಗುವುದು ಇದೇ ಕಾರಣಕ್ಕೆ. ಹವ್ಯಾಸಿ ತಂಡವೊಂದು ವಾರಗಟ್ಟಲೆ ನಡೆಸುವ ತಾಲೀಮು ಒಂದೆರಡು ಪ್ರದರ್ಶನಗಳಲ್ಲೇ ಮುಗಿಯುವುದೂ ಉಂಟು. ಟಿಕೆಟ್ಟಿನ ಹಣ ರಂಗಮಂದಿರದ ಬಾಡಿಗೆ, ಬೆಳಕು, ಪ್ರಸಾಧನಗಳಿಗೆ ಸಾಲದಿದ್ದಾಗ ಉಳಿದದ್ದನ್ನು ತುಂಬುವುದು ಅದೇ ಹಗಲಿನ ಸಂಬಳ.

ನಗರದಾಚೆಯ ಪಯಣ

ರಜೆಯ ದಿನ ಸಿಕ್ಕರೆ ದಾರಿ ಇನ್ನಷ್ಟು ದೂರ ಸಾಗುತ್ತದೆ. ನಗರಕ್ಕೆ ಸಮೀಪದಲ್ಲೇ ತುಂಗೆಯ ಎರಡು ದಡಗಳಲ್ಲಿ ಮತ್ತೂರು, ಹೊಸಹಳ್ಳಿಗಳಿವೆ. ಮತ್ತೂರು ಸಂಸ್ಕೃತಕ್ಕೆ, ಹೊಸಹಳ್ಳಿ ಗಮಕಕ್ಕೆ ಹೆಸರುವಾಸಿ. ಗಮಕವೆಂದರೆ ಕಾವ್ಯವನ್ನು ತಾಳದ ಕಟ್ಟಿಲ್ಲದೆ, ಅರ್ಥಕ್ಕೆ ಒಪ್ಪುವ ರಾಗದಲ್ಲಿ ವಾಚಿಸುವ ಕಲೆ. ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆತಾಗ ಈ ಕಲೆಯತ್ತ ದೇಶದ ಗಮನ ಹರಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಅಗಲಿದರು.

ನಾಟಕಪ್ರಿಯರಿಗೆ ಸಾಗರದ ಬಳಿಯ ಹೆಗ್ಗೋಡು ಯಾತ್ರಾಸ್ಥಳವಿದ್ದಂತೆ. 1949ರಲ್ಲಿ ಹುಟ್ಟಿದ ನೀನಾಸಂ, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದಿತು. 1985ರಿಂದ ಅದರ ‘ತಿರುಗಾಟ’ ತಂಡ ಊರೂರಿಗೆ ನಾಟಕ ಕೊಂಡೊಯ್ಯುತ್ತಿದೆ. ಹೆಗ್ಗೋಡಿಗೆ ಹೋಗಲು ರಜೆ ಸಿಗದವರಿಗೆ ಹೆಗ್ಗೋಡೇ ಬಳಿಗೆ ಬರುವ ಏರ್ಪಾಡು ಇದು.

ಭದ್ರಾವತಿ: ಪಾಳಿ ಮತ್ತು ಬಾನುಲಿ

ಭದ್ರಾವತಿಯ ಕಥೆ ತುಸು ಭಿನ್ನ. ಹಿಂದೆ ಬೆಂಕಿಪುರ ಎಂದು ಕರೆಯಲಾಗುತ್ತಿದ್ದ ಈ ಊರಿನ ಗಡಿಯಾರವನ್ನು ನಡೆಸಿದ್ದು ಕಾರ್ಖಾನೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ಸರ್ ಎಂ. ವಿಶ್ವೇಶ್ವರಯ್ಯ ಅಧ್ಯಕ್ಷರಾಗಿ ಮುನ್ನಡೆಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಪಾಳಿಯ ಕೆಲಸಗಾರನಿಗೆ ಎಲ್ಲ ಸಂಜೆಯೂ ತನ್ನದಲ್ಲ. ಆದರೆ ಯಾವ ವಾರದ ಸಂಜೆ ತನ್ನದು ಎಂಬುದು ಮೊದಲೇ ತಿಳಿದಿರುತ್ತದೆ. ತಾಲೀಮು ಹೊಂದಿಸಿಕೊಳ್ಳಲು ಅಷ್ಟು ಸಾಕು. ನ್ಯೂಟೌನ್, ಪೇಪರ್ ಟೌನ್ ವಸತಿಗಳ ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಿಗೆ ಹಾಡುಗಾರರೂ ನಟರೂ ದೊರೆತದ್ದು ಈ ಬಗೆಯ ಬದುಕಿನಿಂದಲೇ.

1965ರಲ್ಲಿ ಇಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು ಇನ್ನೊಂದು ತಿರುವು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದ ಸಂಗೀತ ಕಲಾವಿದರಿಗೆ ಆಕಾಶವಾಣಿ ಶ್ರೇಣಿ ನೀಡುತ್ತದೆ. ಆ ಶ್ರೇಣಿಗೆ ತಕ್ಕ ಸಂಭಾವನೆ ದೊರೆಯುತ್ತದೆ. ಮೊತ್ತ ದೊಡ್ಡದಲ್ಲದಿದ್ದರೂ ‘ಆಕಾಶವಾಣಿ ಕಲಾವಿದ’ ಎಂಬ ಒಕ್ಕಣೆ ಆಮಂತ್ರಣ ಪತ್ರಿಕೆಯಲ್ಲಿ ತೂಕ ಪಡೆಯಿತು. ಧ್ವನಿಮುದ್ರಣ ಮೊದಲೇ ನಡೆಯುವುದರಿಂದ, ಅರ್ಧ ದಿನದ ರಜೆ ಹಾಕಿ ಬಂದು ಹಾಡಿದವರು ಪ್ರಸಾರದ ಹೊತ್ತಿಗೆ ಮನೆಯವರೊಡನೆ ಕುಳಿತು ತಮ್ಮದೇ ದನಿ ಕೇಳಬಹುದು.

ಸಂಜೆ ಯಾರದು?

ಆದರೆ ಈ ವ್ಯವಸ್ಥೆಯ ತಳಪಾಯ ಅಲುಗಾಡಿದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015–16ರ ಹೊತ್ತಿಗೆ ನಿಂತುಹೋಯಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಕೆಲಸ ಭಾಗಶಃ ಪುನರಾರಂಭವಾಯಿತು. ಕಾರ್ಖಾನೆ ಬಾಗಿಲೆಳೆದಾಗ ನಷ್ಟವಾಗುವುದು ಸಂಬಳ ಮಾತ್ರವಲ್ಲ. ನಿಗದಿತ ಪಾಳಿ, ವಸತಿಗೃಹ, ನೆರೆಹೊರೆ, ಅವುಗಳ ಜೊತೆಗಿದ್ದ ಬಿಡುವು ಕೂಡ. ಉದ್ಯೋಗ ಅರಸಿ ಮಕ್ಕಳು ಬೆಂಗಳೂರಿಗೆ ತೆರಳಿದರೆ ತಂಡಕ್ಕೆ ಹೊಸ ನಟರು ಬರುವುದಿಲ್ಲ.

ಶಿವಮೊಗ್ಗದ ಸ್ಥಿತಿಯೂ ಇದಕ್ಕಿಂತ ತೀರಾ ಬೇರೆಯೇನಲ್ಲ. ಐದೂವರೆಗೆ ಬಾಗಿಲು ಮುಚ್ಚುವ ಕಚೇರಿಯ ಕೆಲಸಗಳಿಗಿಂತ ಹೊತ್ತುಗೊತ್ತಿಲ್ಲದ ಖಾಸಗಿ ಕೆಲಸಗಳು ಇಂದಿನ ಯುವಕರ ಪಾಲಿಗೆ ಹೆಚ್ಚು. ಮೊಬೈಲು ಕೈಯಲ್ಲಿರುವವರೆಗೆ ಕೆಲಸ ಮುಗಿದಂತಲ್ಲ. ಕಲಾಭವನಗಳು, ಅನುದಾನ, ಪ್ರಶಸ್ತಿಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಅವೆಲ್ಲ ಬೇಕಾದವೇ. ಆದರೆ ವಕೀಲನನ್ನು ಗಾಯಕನನ್ನಾಗಿಸಿದ, ಇಲಾಖೆಯ ನೌಕರನಿಂದ ಕಾದಂಬರಿ ಬರೆಸಿದ ಈ ಸೀಮೆಯಲ್ಲಿ ಕಲೆಗೆ ದೊರೆತ ಅತಿ ದೊಡ್ಡ ಅನುದಾನ, ದಿನದ ಕೆಲಸ ಮುಗಿದ ಮೇಲೆ ಉಳಿಯುತ್ತಿದ್ದ ಎರಡು ಗಂಟೆಯ ಬಿಡುವು. ರಂಗಮಂದಿರದ ದೀಪ ಆರೂವರೆಗೆ ಇಂದಿಗೂ ಹತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಅಲ್ಲಿಗೆ ತಲುಪುವಷ್ಟು ಬಿಡುವು ಮುಂದಿನ ಪೀಳಿಗೆಗೆ ಉಳಿದೀತೇ ಎಂಬುದೇ ಪ್ರಶ್ನೆ.