ಮೋಡಕ್ಕೂ ಹದ ಬೇಕು

ನೆಲ ಹದಕ್ಕೆ ಬರುವವರೆಗೆ ರೈತ ಕೂರಿಗೆ ಹೂಡುವುದಿಲ್ಲ. ಒಣಮಣ್ಣಿಗೆ ಬಿದ್ದ ಬೀಜ ಎಷ್ಟೇ ಒಳ್ಳೆಯದಿದ್ದರೂ ಮೊಳೆಯದು. ಮೋಡ ಬಿತ್ತನೆಗೂ ಇದೇ ಮಾತು. ಬರ ಬಿದ್ದಾಗಲೆಲ್ಲ ‘ವಿಮಾನ ಹಾರಿಸಿ, ಮಳೆ ಸುರಿಸಿ’ ಎಂಬ ಕೂಗೇಳುತ್ತದೆ. ಆಗ ನಾವು ಮರೆಯುವುದು ಈ ಹದವನ್ನೇ.

1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಫ್ರೀಜರಿನೊಳಗೆ ಉಸಿರು ಊದಿ ಪುಟ್ಟ ಮೋಡ ಕಟ್ಟಿ, ಅದಕ್ಕೆ ಡ್ರೈ ಐಸ್ ಚೂರು ಹಾಕಿದರು. ಒಡನೆಯೇ ಹಿಮದ ಹರಳುಗಳು ಮಿನುಗಿದವು. ಮೋಡ ಬಿತ್ತನೆ ಶುರುವಾದದ್ದು ಅಲ್ಲಿಂದ.

ಸುಮಾರು ಹತ್ತು ಲಕ್ಷ ಮೋಡದ ಹನಿ ಒಂದಾದರೆ ಒಂದು ಮಳೆಹನಿ. ಬೆಚ್ಚನೆಯ ಮೋಡದ ಬುಡದಲ್ಲಿ ವಿಮಾನ ಹಾರುವಾಗ ರೆಕ್ಕೆಗೆ ಕಟ್ಟಿದ ಕೊಳವೆಗಳು ಉರಿದು ಉಪ್ಪಿನ ಕಣಗಳನ್ನು ಬಿಡುತ್ತವೆ. ಕಣ ತೇವ ಹೀರಿ ದಪ್ಪನಾಗಿ, ಸುತ್ತಲ ಹನಿಗಳನ್ನು ಸೇರಿಸಿಕೊಂಡು ಕೆಳಗಿಳಿಯುತ್ತದೆ. ಎತ್ತರದ ತಣ್ಣನೆಯ ಮೋಡಕ್ಕಾದರೆ ಸಿಲ್ವರ್ ಅಯೋಡೈಡ್. ಅದರ ಹರಳಿನ ಕಟ್ಟು ಮಂಜುಗಡ್ಡೆಯದನ್ನೇ ಹೋಲುತ್ತದೆ. ಎರಡಕ್ಕೂ ನೀರು ತುಂಬಿದ ಮೋಡ ಮೊದಲೇ ಇರಬೇಕು. ಬರಿಯ ಆಕಾಶದಲ್ಲಿ ಬಿತ್ತಿ ಫಲವಿಲ್ಲ.

ಕರ್ನಾಟಕ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಯೋಜನೆಗಳನ್ನು ಕೈಗೊಂಡಿತು. ಬಿತ್ತಿದ ಮೇಲೆ ಮಳೆ ಬಂದರೂ ಪ್ರಶ್ನೆ ಉಳಿಯುತ್ತದೆ: ಬಿತ್ತದಿದ್ದರೆ ಅದು ಬರುತ್ತಿರಲಿಲ್ಲವೇ? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ವಿಜಯಪುರದ ಪಕ್ಕದ, ಮಳೆನೆರಳಿನ ಸೊಲ್ಲಾಪುರದಲ್ಲಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2018 ಮತ್ತು 2019ರ ಮುಂಗಾರಿನಲ್ಲಿ 276 ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತಿ, ಉಳಿದವನ್ನು ಹಾಗೇ ಬಿಟ್ಟು ಹೋಲಿಸಿದರು. ಗಾಳಿ ಸಾಗುವ ದಿಕ್ಕಿನ ನೂರು ಚದರ ಕಿ.ಮೀ. ಪ್ರದೇಶದಲ್ಲಿ ಮಳೆ ಸರಾಸರಿ ಶೇ 18ರಷ್ಟು ಹೆಚ್ಚಿತ್ತು. ಲೀಟರಿಗೆ ತಗುಲಿದ ವೆಚ್ಚ ಸುಮಾರು 18 ಪೈಸೆ.

ಇದು ಸಣ್ಣ ಗಳಿಕೆಯಲ್ಲ. ಆದರೆ ಈ ಗಳಿಕೆ ಮೋಡವಿದ್ದ ದಿನದ್ದು. ಬಿತ್ತನೆಯ ಕಾಲ ಬರಗಾಲವಲ್ಲ, ಮುಂಗಾರು. ಹಾಗಾಗಿ ವಿಮಾನ ಹಾರಿಸುವ ಮೊದಲು ಕೆರೆಯ ಹೂಳು ತೆಗೆಯಬೇಕು, ಮುಚ್ಚಿಹೋದ ಕಾಲುವೆ ಬಿಡಿಸಬೇಕು. ಹೆಚ್ಚಿಗೆ ಬಿದ್ದ ಹನಿ ನಿಲ್ಲಲು ತಾವು ಬೇಡವೇ? ನಮ್ಮ ಹಿರಿಯರು ಸುಗ್ಗಿಯ ಕಾಳನ್ನು ಹಗೇವಿಗೆ ತುಂಬಿ ಬರಗಾಲ ದಾಟುತ್ತಿದ್ದರು. ಮಳೆಗೆ ಕೆರೆಯೇ ಹಗೇವು. ಹಗೇವು ಹಾಳುಬಿದ್ದಿದ್ದರೆ, ಆಕಾಶದಲ್ಲಿ ಬಿತ್ತಿ ಬೆಳೆದದ್ದನ್ನು ಎಲ್ಲಿ ತುಂಬೋಣ?